ಬಾಲದ ನಂಬರನ್ನು ನಂಬಬೇಡಿ: ಹಳೆಯ ಸೇನಾ ವಿಮಾನದ ಪೂರ್ವಾಪರ ಹುಡುಕುವ ಬಗೆ

2018ರ ಮೇ ತಿಂಗಳಲ್ಲಿ ದೆಹಲಿಯ ಪಕ್ಕದ ಹಿಂಡನ್ ವಾಯುನೆಲೆಯಲ್ಲಿ ಭಾರತೀಯ ವಾಯುಪಡೆ ಡಕೋಟಾ ಎಂಬ ಸಾಗಣೆ ವಿಮಾನವೊಂದನ್ನು ತನ್ನ ಹಳೆಯ ವಿಮಾನಗಳ ಬಳಗಕ್ಕೆ ಸೇರಿಸಿಕೊಂಡಿತು. ಹೆಸರು ಪರಶುರಾಮ. ಬಾಲದ ಮೇಲೆ ಬರೆದ ನಂಬರು ವಿಪಿ 905. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಮೊದಲು ಇಳಿದ ಡಕೋಟಾದ ನಂಬರು ಅದು. ಹಾಗಾದರೆ ಅದೇ ವಿಮಾನವೇ ಇದು? ಅಲ್ಲ. ಆ ವಿಮಾನದ ಗೌರವಾರ್ಥ ಇದಕ್ಕೆ ಆ ನಂಬರು ಕೊಟ್ಟಿದ್ದಾರೆ, ಅಷ್ಟೇ. ಇದು ಅದಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಜಿ-ಎಎಂಎಸ್‌ವಿ ಎಂಬ ನಾಗರಿಕ ನೋಂದಣಿಯಲ್ಲಿ ಹಾರುತ್ತಿತ್ತು. ಅದಕ್ಕೂ ಮುಂಚೆ ಬ್ರಿಟಿಷ್ ವಾಯುಪಡೆಯ ಕೆಎನ್ 397. ಹುಟ್ಟಿದಾಗ ಅಮೆರಿಕದ 44-76488. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್, ಡಕೋಟಾ ಹಾರಿಸುತ್ತಿದ್ದ ತಮ್ಮ ತಂದೆಯ ನೆನಪಿಗೆಂದು ಇದನ್ನು ಕೊಂಡು, ದುರಸ್ತಿ ಮಾಡಿಸಿ, ವಾಯುಪಡೆಗೆ ಕೊಟ್ಟರು.

ಇದರಲ್ಲಿ ಮೋಸವೇನೂ ಇಲ್ಲ. ವಿಷಯವನ್ನು ಬಚ್ಚಿಟ್ಟಿಲ್ಲ, ಬಹಿರಂಗವಾಗಿಯೇ ಹೇಳಿದ್ದಾರೆ. ಆದರೆ ಇನ್ನು ನಲವತ್ತು ವರ್ಷ ಕಳೆಯಲಿ, ಮಾಸಿದ ಫೋಟೊ ಒಂದನ್ನು ಹಿಡಿದು “ಶ್ರೀನಗರದಲ್ಲಿ ಇಳಿದದ್ದು ಇದೇ” ಎಂದು ಆಣೆ ಇಡುವವರು ಹುಟ್ಟಿಕೊಳ್ಳುತ್ತಾರೆ, ನೋಡುತ್ತಿರಿ.

ಸೈಟು ಕೊಳ್ಳುವಾಗ ಗೇಟಿನ ಮೇಲಿನ ಬೋರ್ಡು ನೋಡಿ ಯಾರೂ ಮುಂಗಡ ಕೊಡುವುದಿಲ್ಲ. ಮೂಲಪತ್ರ ಕೇಳುತ್ತೇವೆ, ಋಣಭಾರ ಪತ್ರ ತೆಗೆಸುತ್ತೇವೆ, ಸರ್ವೆ ನಂಬರು ಯಾವಾಗ ಪೋಡಿಯಾಯಿತು, ಖಾತೆ ಯಾರಿಂದ ಯಾರಿಗೆ ಬಂತು ಎಂದು ಒಂದೊಂದೇ ಕೊಂಡಿ ಹಿಡಿದು ಹಿಂದಕ್ಕೆ ಹೋಗುತ್ತೇವೆ. ಹಳೆಯ ಸೇನಾ ವಿಮಾನದ ಕೆಲಸವೂ ಇಷ್ಟೇ. ಒಂದು ನಂಬರು ಇನ್ನೊಂದು ನಂಬರಾಗಿ ಬದಲಾದ ಜಾಗವಿದೆಯಲ್ಲ, ತಪ್ಪುಗಳೆಲ್ಲ ಅಡಗಿರುವುದು ಅಲ್ಲಿ. ಆ ಜಾಗಗಳನ್ನು ಹುಡುಕುವುದು ಹೇಗೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾದರಿ, ಆಮೇಲೆ ನಂಬರು

ನಾನು ಈ ಹುಚ್ಚಿಗೆ ಬಿದ್ದದ್ದು ಒಂದು ಊರಿನ ಉದ್ಯಾನದಲ್ಲಿ ಕಟ್ಟೆಯ ಮೇಲೆ ನಿಲ್ಲಿಸಿದ್ದ ವಿಮಾನದಿಂದ. ಊರಿನ ಹೆಸರು ಬೇಡ. ಕಟ್ಟೆಗೆ ಹಾಕಿದ್ದ ಗ್ರಾನೈಟ್ ಫಲಕದಲ್ಲಿ “1965ರ ಯುದ್ಧದಲ್ಲಿ ಶತ್ರುವನ್ನು ಹಿಮ್ಮೆಟ್ಟಿಸಿದ ವಿಮಾನ” ಎಂದು ಚಿನ್ನದ ಅಕ್ಷರದಲ್ಲಿ ಕೆತ್ತಿಸಿದ್ದರು. ನಿಂತಿದ್ದದ್ದು ಕಿರಣ್. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ತರಬೇತಿ ಜೆಟ್. ಕಿರಣ್ ಮೊದಲ ಬಾರಿ ಹಾರಿದ್ದು 1964ರ ಸೆಪ್ಟೆಂಬರ್‌ನಲ್ಲಿ, ವಾಯುಪಡೆಯ ಸೇವೆಗೆ ಬಂದದ್ದು 1968ರಲ್ಲಿ. ಯುದ್ಧ ಮುಗಿದು ಮೂರು ವರ್ಷವಾದ ಮೇಲೆ ಕೆಲಸಕ್ಕೆ ಸೇರಿದವನಿಗೆ ಯುದ್ಧದ ಪದಕ ತೊಡಿಸಿದ ಹಾಗಾಗಿತ್ತು.

ಆದ್ದರಿಂದ ಮೊದಲ ಹೆಜ್ಜೆ: ವಿಮಾನ ಯಾವುದು, ಅದರಲ್ಲಿ ಯಾವ ಉಪಮಾದರಿ, ಆ ಉಪಮಾದರಿ ಬಳಕೆಗೆ ಬಂದದ್ದು ಯಾವಾಗ, ಹೋದದ್ದು ಯಾವಾಗ. ನಂಬರಿನ ಕಡೆ ತಲೆ ಎತ್ತುವ ಮುಂಚೆಯೇ ಇಷ್ಟು ತಿಳಿದುಕೊಂಡರೆ ಅರ್ಧ ಕಟ್ಟುಕತೆಗಳು ತಾವಾಗಿ ಉದುರುತ್ತವೆ. ಕಿರಣ್ ಉದಾಹರಣೆಯನ್ನೇ ಮುಂದುವರಿಸುವುದಾದರೆ, ಬೀದರ್‌ನಲ್ಲಿ ನೆಲೆಸಿದ್ದ, ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡ 1996ರಿಂದ 2011ರವರೆಗೆ ಹಾರಿಸಿದ್ದು ಕಿರಣ್‌ನ ಎರಡನೆಯ ಮಾದರಿಯನ್ನು. ಅದರ ಎಂಜಿನ್ ಆರ್ಫಿಯಸ್. ರೆಕ್ಕೆಗಳ ಕೆಳಗೆ ಬಾಂಬು, ರಾಕೆಟ್ಟು ತೂಗುಹಾಕುವ ಜಾಗಗಳು ಒಟ್ಟು ನಾಲ್ಕು. ಮೊದಲ ಮಾದರಿಗೆ ವೈಪರ್ ಎಂಜಿನ್. ಕಟ್ಟೆಯ ಮೇಲಿನ ಕಿರಣ್‌ಗೆ ಯಾರೋ ಆ ತಂಡದ ಕೆಂಪು ಬಿಳಿ ಬಣ್ಣ ಬಳಿದಿದ್ದರೆ, ಬಗ್ಗಿ ರೆಕ್ಕೆಯ ಅಡಿ ನೋಡಿ. ಬಣ್ಣ ಬಳಿಯುವವನು ಅಲ್ಲಿಯವರೆಗೆ ಯೋಚಿಸಿರುವುದಿಲ್ಲ.

ಎಚ್‌ಎಎಲ್ ಕಟ್ಟಿದ ನ್ಯಾಟ್ ಮತ್ತು ಅಜೀತ್ ಯುದ್ಧವಿಮಾನಗಳಲ್ಲಿ ಇನ್ನೊಂದು ತೊಡಕಿದೆ. ಅಜೀತ್ ಎನ್ನುವುದು ನ್ಯಾಟ್‌ನ ಸುಧಾರಿತ ರೂಪ. ಕೆಲವನ್ನು ಹೊಸದಾಗಿಯೇ ಕಟ್ಟಿದರು, ಕೆಲವು ಹಳೆಯ ನ್ಯಾಟ್‌ಗಳನ್ನೇ ಅಜೀತ್ ದರ್ಜೆಗೆ ಏರಿಸಿದರು. ಅಂಥ ವಿಮಾನದ ಎದುರು ನಿಂತು “ಇದು ನ್ಯಾಟೋ ಅಜೀತೋ” ಎಂದು ಇಬ್ಬರು ಜಗಳವಾಡಿದರೆ ಇಬ್ಬರೂ ಗೆಲ್ಲಬಹುದು.

ನಂಬರುಗಳಲ್ಲಿ ಜಾತಿಗಳಿವೆ

ಒಂದು ವಿಮಾನಕ್ಕೆ ಕನಿಷ್ಠ ಎರಡು ನಂಬರು ಇರುತ್ತವೆ. ಕಾರ್ಖಾನೆ ಕೊಟ್ಟ ತಯಾರಿಕಾ ಸಂಖ್ಯೆ ಒಂದು. ಅದು ಸಾಯುವವರೆಗೆ ಬದಲಾಗುವುದಿಲ್ಲ. ಸೇನೆ ಕೊಟ್ಟ ಸರಣಿ ಸಂಖ್ಯೆ ಇನ್ನೊಂದು. ಒಡೆಯ ಬದಲಾದರೆ ಅದೂ ಬದಲಾಗುತ್ತದೆ. ಇವುಗಳ ಜೊತೆಗೆ ಸ್ಕ್ವಾಡ್ರನ್ನಿನ ಗುರುತಿನ ಅಕ್ಷರಗಳು ಇರಬಹುದು. ಇವಂತೂ ಆಟಗಾರನ ಅಂಗಿಯ ನಂಬರಿನ ಹಾಗೆ, ಇಂದು ಒಬ್ಬನಿಗೆ, ನಾಳೆ ಇನ್ನೊಬ್ಬನಿಗೆ. ಹೊಸಬರು ಎಡವುವುದು ಇಲ್ಲಿಯೇ. ಹಳೆಯ ಫೋಟೊದಲ್ಲಿ ದೊಡ್ಡದಾಗಿ ಕಾಣುವ ಅಕ್ಷರವನ್ನು ಹಿಡಿದುಕೊಂಡು ವರ್ಷಗಟ್ಟಲೆ ಹುಡುಕುತ್ತಾರೆ. ಬಾಲದ ಬಳಿ ಸಣ್ಣಗೆ ಬರೆದ ನಿಜವಾದ ಸರಣಿ ಸಂಖ್ಯೆಯನ್ನು ನೋಡುವುದೇ ಇಲ್ಲ.

ಭಾರತೀಯ ವಾಯುಪಡೆಯ ನಂಬರಿನ ಮುಂದಿನ ಅಕ್ಷರ ಮಾದರಿಯನ್ನು ಹೇಳುತ್ತದೆ. ಎಚ್‌ಎಸ್ ಎಂದರೆ ಸ್ಪಿಟ್‌ಫೈರ್, ಎಚ್‌ಎ ಎಂದರೆ ಟೆಂಪೆಸ್ಟ್, ಎಚ್‌ಇ ಎಂದರೆ ಲಿಬರೇಟರ್, ಎಚ್‌ಟಿ ಹಾರ್ವರ್ಡ್, ಎಚ್‌ಯು ಟೈಗರ್ ಮಾತ್, ಬಿಎ ಹಂಟರ್, ಐಎಫ್ ಕ್ಯಾನ್‌ಬೆರಾ, ಯು ಕಿರಣ್. ಹಂಟರ್ ಮೇಲೆ ಐಎಫ್ ಎಂದು ಬರೆದಿದ್ದರೆ ಅದು ಬಣ್ಣ ಬಳಿದವನ ಕೈಚಳಕ, ಮುಂದೆ ಓದಬೇಡಿ.

ಅಮೆರಿಕದ ಸಂಖ್ಯೆಯ ಮೊದಲ ಎರಡು ಅಂಕಿ ಆ ವಿಮಾನಕ್ಕೆ ಹಣ ಮಂಜೂರಾದ ಆರ್ಥಿಕ ವರ್ಷ. ಅದು ಕಾರ್ಖಾನೆಯಿಂದ ಹೊರಬಂದ ವರ್ಷವೇ ಆಗಿರಬೇಕೆಂದಿಲ್ಲ. ಬಾಲದ ಮೇಲೆ ಬರೆಯುವಾಗ ವರ್ಷದ ಮೊದಲ ಅಂಕಿಯನ್ನೂ ಅಡ್ಡಗೆರೆಯನ್ನೂ ಬಿಡುತ್ತಿದ್ದರು; 44-44175 ಎನ್ನುವುದು 444175 ಆಗುತ್ತದೆ. ಬ್ರಿಟಿಷರದು ಎರಡು ಅಕ್ಷರ ಮೂರು ಅಂಕಿ. ಅದರಲ್ಲಿಯೂ ಒಂದು ಕಿತಾಪತಿ ಇದೆ: ಎಷ್ಟು ವಿಮಾನ ತಯಾರಾಗುತ್ತಿವೆ ಎಂಬುದು ಶತ್ರುವಿಗೆ ಗೊತ್ತಾಗದಿರಲೆಂದು ನಡುನಡುವೆ ಬೇಕೆಂದೇ ಸಂಖ್ಯೆಗಳನ್ನು ಖಾಲಿ ಬಿಟ್ಟಿದ್ದಾರೆ. ನಿಮ್ಮ ನಂಬರು ಅಂಥ ಖಾಲಿ ಜಾಗದಲ್ಲಿ ಬಿದ್ದರೆ ನೀವು ಓದಿದ್ದೇ ತಪ್ಪು ಎಂದು ತಿಳಿಯಿರಿ.

ಇಷ್ಟು ಗೊತ್ತಾದರೆ ಕಾಗದ ಪೆನ್ಸಿಲ್ಲಿನಲ್ಲೇ ಒಂದು ಪರೀಕ್ಷೆ ಮಾಡಬಹುದು. ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ ತಯಾರಾದ ಡಕೋಟಾಗಳಿಗೆ ವಿಚಿತ್ರವಾಗಿ ಎರಡೆರಡು ತಯಾರಿಕಾ ಸಂಖ್ಯೆಗಳಿವೆ. ನಮ್ಮ ಪರಶುರಾಮನದು 16072 ಮತ್ತು 32820. ವ್ಯತ್ಯಾಸ 16748. ಆ ತಂಡದಲ್ಲಿ ತಯಾರಾದ ಎಲ್ಲ ವಿಮಾನಗಳಿಗೂ ಈ ವ್ಯತ್ಯಾಸ ಅದೇ. ಇನ್ನು ಸೇನಾ ಸಂಖ್ಯೆಯ 76488ರಿಂದ 32820 ಕಳೆಯಿರಿ: 43668. ಇದೂ ಆ ತಂಡದುದ್ದಕ್ಕೂ ಬದಲಾಗುವುದಿಲ್ಲ. ಅದೇ ತಂಡದ ಇನ್ನೊಂದು ಡಕೋಟಾ ಎಂದು ಹೇಳಿ ಯಾರಾದರೂ ಮೂರು ಸಂಖ್ಯೆ ಕೊಟ್ಟರೆ ಎರಡು ಸಲ ಕಳೆಯಿರಿ, ಸಾಕು. ಮೂರರಲ್ಲಿ ಒಂದು ತಪ್ಪಾಗಿದ್ದರೂ ಲೆಕ್ಕ ಕೂಡುವುದಿಲ್ಲ.

ಮೈ ಮುಟ್ಟಿ ನೋಡುವುದು

ಇನ್ನು ವಿಮಾನದ ಹತ್ತಿರ ಹೋಗೋಣ. ಅದಕ್ಕೆ ಮುಂಚೆ ಅನುಮತಿ. ವಾಯುನೆಲೆಯ ಬಾಗಿಲಲ್ಲಿ ನಿಂತ ವಿಮಾನದ ಫೋಟೊ ತೆಗೆಯಲು ಹೋಗಿ ಕಾವಲುಗಾರರ ಕೈಗೆ ಸಿಕ್ಕಿಬಿದ್ದು, ಒಂದು ಮಧ್ಯಾಹ್ನವೆಲ್ಲ ಬೆಂಚಿನ ಮೇಲೆ ಕುಳಿತು ಆಧಾರ್ ತೋರಿಸಿದ ಅನುಭವ ನನಗಿದೆ. ಅವರ ತಪ್ಪೇನೂ ಇರಲಿಲ್ಲ. ಅಭ್ಯಾಸಕ್ಕೆ ಬೆಂಗಳೂರಿನ ಎಚ್‌ಎಎಲ್ ಪಾರಂಪರಿಕ ಕೇಂದ್ರದಂಥ ಸಂಗ್ರಹಾಲಯ ಒಳ್ಳೆಯದು. ಮರುತ್, ಕಿರಣ್, ಎಚ್‌ಟಿ-2, ಕ್ಯಾನ್‌ಬೆರಾ ಎಲ್ಲವೂ ಒಂದೇ ಅಂಗಳದಲ್ಲಿ ಸಿಗುತ್ತವೆ.

ಬೇಕಾದದ್ದು ಟಾರ್ಚು, ತೆಳು ಕಾಗದ, ಮೆದು ಪೆನ್ಸಿಲ್, ಸಣ್ಣ ಕನ್ನಡಿ. ಟಾರ್ಚನ್ನು ಎದುರಿನಿಂದ ಹಿಡಿಯಬೇಡಿ. ಬೆಳಕು ಮೈಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಹಿಡಿಯಿರಿ. ಹಳೆಯ ಅಂಕಿಗಳ ಮೇಲೆ ಹೊಸ ಬಣ್ಣ ಬಳಿದರೂ ಕೆಳಗಿನ ಬಣ್ಣದ ಅಂಚು ಕೂದಲೆಳೆಯಷ್ಟು ಎತ್ತರಕ್ಕೆ ಉಬ್ಬಿರುತ್ತದೆ. ಆ ಉದ್ಯಾನದ ಕಿರಣ್‌ನ ಹಿಂಭಾಗಕ್ಕೆ ನಾನು ಸಂಜೆ ಆರೂವರೆಗೆ ಬೆಳಕು ಹಿಡಿದಾಗ ಬೂದು ಬಣ್ಣದ ಅಡಿಯಿಂದ ಮೊದಲು ಯು ಅಕ್ಷರ, ಆಮೇಲೆ ಅಂಕಿಗಳು ಒಂದೊಂದಾಗಿ ಮೇಲೆದ್ದವು. ಮೇಲಿನ ಬಣ್ಣದಲ್ಲಿ ಬರೆದಿದ್ದ ನಂಬರಿನ ಕೊನೆಯ ಅಂಕಿ 3. ಬಣ್ಣದ ಅಡಿಯಲ್ಲಿದ್ದದ್ದು 8. ಆ 8ರ ಎಡಗಡೆಯ ಬಣ್ಣ ಎಂದೋ ಸಿಪ್ಪೆ ಎದ್ದು ಹೋಗಿತ್ತು; ಮರುಬಣ್ಣ ಬಳಿಯುವ ಕೆಲಸಗಾರ ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದ. ಅಲ್ಲಿಗೆ ಆ ವಿಮಾನ ಹನ್ನೆರಡು ವರ್ಷ ಬೇರೆಯವರ ಹೆಸರಿನಲ್ಲಿ ನಿಂತಿತ್ತು.

ಎರಡನೆಯದು ಗುರುತಿನ ತಗಡು. ಸಾಮಾನ್ಯವಾಗಿ ಕಾಕ್‌ಪಿಟ್ಟಿನ ಒಳಗೋ, ಬಾಗಿಲ ಚೌಕಟ್ಟಿನ ಬಳಿಯೋ, ಎಂಜಿನ್ ಹಿಂದಿನ ಗೋಡೆಯ ಮೇಲೋ ಇರುತ್ತದೆ. ಅಕ್ಷರ ಸವೆದಿದ್ದರೆ ಮೇಲೆ ಕಾಗದ ಇಟ್ಟು ಪೆನ್ಸಿಲ್ ಓರೆಯಾಗಿ ಉಜ್ಜಿ. ಶಾಸನ ಓದುವವರು ಪಡಿಯಚ್ಚು ತೆಗೆಯುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ಆದರೆ ಒಂದು ಎಚ್ಚರಿಕೆ: ತಗಡು ನಾಲ್ಕು ರಿವೆಟ್‌ಗಳ ಮೇಲೆ ನಿಂತಿದೆ. ಕಳಚಿ ಇನ್ನೊಂದಕ್ಕೆ ಹೊಡೆಯುವುದು ಹತ್ತು ನಿಮಿಷದ ಕೆಲಸ. ರಿವೆಟ್ಟಿನ ತಲೆಗಳು ಸುತ್ತಲಿನವುಗಳಿಗಿಂತ ಹೊಸದಾಗಿ ಕಂಡರೆ ತಗಡಿನ ಮಾತನ್ನು ಅರ್ಧ ಮಾತ್ರ ನಂಬಿ.

ಮೂರನೆಯದು ಭಾಗಗಳ ಮೇಲಿನ ಮುದ್ರೆ. ಚಕ್ರ ಮಡಚಿಕೊಳ್ಳುವ ಗೂಡಿನೊಳಗೆ, ತಪಾಸಣೆಯ ಮುಚ್ಚಳಗಳ ಒಳಮೈಯಲ್ಲಿ, ಬಣ್ಣ ತಾಗದ ಮೂಲೆಗಳಲ್ಲಿ ಹುಡುಕಿ. ಸ್ಪಿಟ್‌ಫೈರ್‌ನ ಭಾಗಸಂಖ್ಯೆ 300ರಿಂದ ಶುರುವಾದರೆ ಅದರ ನಕ್ಷೆ ಮೊದಲ ಮಾದರಿಯ ಕಾಲದ್ದು, 349 ಐದನೆಯ ಮಾದರಿಯದು, 361 ಒಂಬತ್ತನೆಯದು. ತಪಾಸಕರ ಮುದ್ರೆಯಲ್ಲಿ ಸಿಬಿಎಎಫ್ ಎಂದಿದ್ದರೆ ಕ್ಯಾಸಲ್ ಬ್ರಾಮಿಚ್ ಕಾರ್ಖಾನೆ. 41ಎಚ್ ಎಂದು ಕಂಡರೆ ಅದು ಹಾಕರ್ ಕಂಪನಿಯ ಭಾಗ. ಕರ್ಟಿಸ್ ಪಿ-40ರ ಭಾಗಗಳಲ್ಲಿ 87 ಕಾಣುತ್ತದೆ. ಇವು ಮಾದರಿಯನ್ನು ಖಚಿತಪಡಿಸುತ್ತವೆ. ವಿಮಾನ ಯಾವುದೆಂದು ಇವುಗಳಿಂದ ಹೇಳಲಾಗದು, ಏಕೆಂದರೆ ಭಾಗಗಳನ್ನು ಬದಲಾಯಿಸುತ್ತಲೇ ಇರುತ್ತಾರೆ. ಮೊದಲ ಮಾದರಿಯ 300 ಮುದ್ರೆ ಐದನೆಯ ಮಾದರಿಯಲ್ಲೂ ಸಿಗುತ್ತದೆ. ಹಳೆಯ ನಕ್ಷೆಯ ಭಾಗವನ್ನು ಹಾಗೆಯೇ ಮುಂದುವರಿಸಿರುತ್ತಾರೆ. ಆದ್ದರಿಂದ ಒಂದು ಮುದ್ರೆ ಸಿಕ್ಕಿತೆಂದು ಕುಣಿಯಬೇಡಿ, ಮೂವತ್ತು ಸಿಗಲಿ, ಅವುಗಳಲ್ಲಿ ತೀರಾ ಹೊಸ ನಕ್ಷೆ ಯಾವುದು ಎಂದು ನೋಡಿ.

ಬಣ್ಣ ಕೆತ್ತಬೇಡಿ. ಆಗಲೇ ಸಿಪ್ಪೆ ಎದ್ದ ಜಾಗದಲ್ಲಿ ಪದರ ಎಣಿಸಿದರೆ ಸಾಕು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಕೆಂಪು ಸೂರ್ಯನೊಂದಿಗೆ ಗೊಂದಲವಾಗದಿರಲೆಂದು ಬರ್ಮಾ ರಂಗದ ವಿಮಾನಗಳ ವೃತ್ತಲಾಂಛನದಿಂದ ಕೆಂಪನ್ನು ತೆಗೆದು, ನೀಲಿ ಬಿಳಿ ಮಾತ್ರ ಉಳಿಸಿದ್ದರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅಶೋಕ ಚಕ್ರ, 1950ರಿಂದ ಈಗಿನ ತ್ರಿವರ್ಣ ವೃತ್ತ. ತ್ರಿವರ್ಣದ ಅಡಿಯಲ್ಲಿ ನೀಲಿ ಬಿಳಿ ಸಿಕ್ಕಿದರೆ ಆ ವಿಮಾನ ಯುದ್ಧಕಾಲದಿಂದಲೂ ಈ ಕಡೆಯೇ ಇತ್ತು ಎಂಬುದಕ್ಕೆ ಒಂದು ಸಾಕ್ಷಿ ದೊರೆತಂತೆ. ಇನ್ನೊಂದು ಮಾತು: ಆ ಕಾಲದ ಮಾಪಕಗಳ ಮುಳ್ಳು, ಅಂಕಿಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿಯುತ್ತಿದ್ದರು. ಗಾಜು ಒಡೆದ ಮಾಪಕವನ್ನು ಮುಟ್ಟಬೇಡಿ, ಊದಬೇಡಿ, ಮನೆಗೆ ತರಲೇಬೇಡಿ.

ಮೂರು ಹೆಸರಿನ ಲಿಬರೇಟರ್

ಕೊಂಡಿ ಜೋಡಿಸುವುದನ್ನು ಒಂದು ನಿಜವಾದ ವಿಮಾನದ ಮೇಲೆ ತೋರಿಸುತ್ತೇನೆ. ಅಮೆರಿಕದ ಅರಿಜೋನಾದಲ್ಲಿ, ಟೂಸಾನ್ ಊರಿನ ಪೀಮಾ ಸಂಗ್ರಹಾಲಯದಲ್ಲಿ ಒಂದು ಬಿ-24 ಲಿಬರೇಟರ್ ಇದೆ. ನಾಲ್ಕು ಎಂಜಿನ್ನಿನ ಭಾರೀ ಬಾಂಬರು. ಮೂತಿಯ ಮೇಲೆ “ಬಂಗೇ ಬಕರೂ” ಎಂದು ಬರೆದಿದೆ. ಇಂಗ್ಲೆಂಡಿನ ಬಂಗೇ ಎಂಬ ಊರಿನಿಂದ ಜರ್ಮನಿಯ ಮೇಲೆ ಹಾರುತ್ತಿದ್ದ ಅಮೆರಿಕದ ಬಾಂಬರ್ ಪಡೆಯ ಚಿತ್ರ ಅದು. ನೋಡಿದವರು ಇದು ಜರ್ಮನಿಯ ಮೇಲೆ ಬಾಂಬು ಹಾಕಿ ಬಂದದ್ದೆಂದೇ ತಿಳಿಯುತ್ತಾರೆ.

ಈ ವಿಮಾನದ ನಿಜವಾದ ಸಂಖ್ಯೆ 44-44175. ಟೆಕ್ಸಾಸ್‌ನ ಫೋರ್ಟ್ ವರ್ತ್ ಕಾರ್ಖಾನೆಯದು. ಅಲ್ಲಿಂದ ಬ್ರಿಟಿಷ್ ವಾಯುಪಡೆಗೆ ಹೋಗಿ ಕೆಎಚ್ 304 ಆಯಿತು. ಅಲ್ಲಿಂದ ಭಾರತೀಯ ವಾಯುಪಡೆಯ ಎಚ್‌ಇ 877. 1969ರಲ್ಲಿ ಪುಣೆಯಿಂದ ಟೂಸಾನ್‌ವರೆಗೆ ಹಾರಿಕೊಂಡೇ ಹೋಯಿತು. ಬಂಗೇ ಊರಿನ ಮಣ್ಣನ್ನು ಅದು ಮುಟ್ಟಿದ್ದೇ ಇಲ್ಲ.

ಈ ಸರಪಳಿಯ ನಡುವಿನ ಕೊಂಡಿ ಬೆಂಗಳೂರು. ಯುದ್ಧ ಮುಗಿದಾಗ ಬ್ರಿಟಿಷರ ಹತ್ತಿರ ಇದ್ದ ಲಿಬರೇಟರುಗಳು ಅಮೆರಿಕ ಎರವಲು ಕೊಟ್ಟವು. ಒಂದೋ ಹಿಂದಿರುಗಿಸಬೇಕು, ಇಲ್ಲವೇ ಕೆಲಸಕ್ಕೆ ಬಾರದಂತೆ ಮಾಡಬೇಕು. ಕಾನ್ಪುರದ ಚಕೇರಿಯಲ್ಲಿ ಸಾಲಾಗಿ ನಿಂತಿದ್ದ ವಿಮಾನಗಳನ್ನು ಅವರು ಜಜ್ಜಿ, ಮುರಿದು ಬಿಟ್ಟು ಹೋದರು. ಸ್ವತಂತ್ರ ಭಾರತಕ್ಕೆ ಬಾಂಬರುಗಳು ಬೇಕಾಗಿದ್ದವು, ಕೊಳ್ಳಲು ಹಣವಿರಲಿಲ್ಲ. ಆಗ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂದು ಕರೆಸಿಕೊಳ್ಳುತ್ತಿದ್ದ ನಮ್ಮ ಎಚ್‌ಎಎಲ್‌ನವರು ಹೋಗಿ ನೋಡಿದರು. ಒಂದರ ಬಾಲ, ಇನ್ನೊಂದರ ರೆಕ್ಕೆ, ಮತ್ತೊಂದರ ಎಂಜಿನ್ ಸೇರಿಸಿ ಹಾರುವಷ್ಟು ಮಟ್ಟಿಗೆ ಸರಿಮಾಡಿದರು. ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಶಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಬಿಚ್ಚಿ ಕಟ್ಟಿದ ಮೇಲೆ 1948ರ ನವೆಂಬರ್‌ನಲ್ಲಿ ಐದನೆಯ ಸ್ಕ್ವಾಡ್ರನ್ ಲಿಬರೇಟರುಗಳೊಂದಿಗೆ ಶುರುವಾಯಿತು. ಕೊನೆಯವು ನಿವೃತ್ತವಾದದ್ದು 1968ರಲ್ಲಿ. ಆ ಹೊತ್ತಿಗೆ ಜಗತ್ತಿನ ಬೇರೆ ಸೇನೆಗಳು ಲಿಬರೇಟರನ್ನು ಮರೆತೇಬಿಟ್ಟಿದ್ದವು. ಇಂದು ಜಗತ್ತಿನಲ್ಲಿ ಉಳಿದಿರುವ ಕೆಲವೇ ಲಿಬರೇಟರುಗಳಲ್ಲಿ ಹಲವು ಈ ದಾರಿಯಲ್ಲಿ ಬದುಕಿಕೊಂಡವು. ಲಂಡನ್ನಿನ ಬ್ರಿಟಿಷ್ ವಾಯುಪಡೆ ಸಂಗ್ರಹಾಲಯದ ಕೆಎನ್ 751 ನಮ್ಮ ಎಚ್‌ಇ 807. ಅಮೆರಿಕದಲ್ಲಿ ಬಹುಕಾಲ ಹಾರುತ್ತಿದ್ದ 44-44052 ಇನ್ನೊಂದು. ಅದು ಅಮೆರಿಕಕ್ಕೆ ಮರಳಿದ ಮೇಲೆ “ಆಲ್ ಅಮೆರಿಕನ್”, “ಡ್ರ್ಯಾಗನ್ ಅಂಡ್ ಹಿಸ್ ಟೇಲ್”, “ವಿಚ್‌ಕ್ರಾಫ್ಟ್” ಎಂದು ಮೂರು ವೇಷ ಹಾಕಿದೆ. ಯಕ್ಷಗಾನದಲ್ಲಿ ಒಬ್ಬನೇ ರಾತ್ರಿಯಿಡೀ ಮೂರು ವೇಷ ಕಟ್ಟಿದ ಹಾಗೆ. ಚೌಕಿಗೆ ಹೋಗಿ ನೋಡಿದವರಿಗಷ್ಟೇ ಆಳು ಒಬ್ಬನೆಂದು ಗೊತ್ತು.

ಇಲ್ಲಿ ಕಲಿಯಬೇಕಾದ ಕ್ರಮ ಹೀಗೆ. ಮೂರು ಸಂಖ್ಯೆಗಳನ್ನು ಬರೆದುಕೊಳ್ಳಿ. ಅವುಗಳ ನಡುವೆ ಎರಡು ಸಂದುಗಳಿವೆ. ಅಮೆರಿಕದಿಂದ ಬ್ರಿಟನ್ನಿಗೆ ಹೋದ ಸಂದು ಗಟ್ಟಿ. ಎರಡೂ ಕಡೆ ಕಚೇರಿಗಳಿದ್ದವು, ಕಾಗದವಿದೆ. ಬ್ರಿಟನ್ನಿನಿಂದ ಭಾರತಕ್ಕೆ ಬಂದದ್ದು ಸಡಿಲ; ಬ್ರಿಟಿಷರ ಪುಸ್ತಕದಲ್ಲಿ ಆ ವಿಮಾನ ಗುಜರಿಯಾಗಿ ಲೆಕ್ಕದಿಂದ ಹೊರಹೋಗಿದೆ, ಭಾರತದ ಪುಸ್ತಕದಲ್ಲಿ ಹೊಸ ನಂಬರಿನೊಂದಿಗೆ ಹುಟ್ಟಿದೆ. ನಡುವೆ ಎರಡು ಮೂರು ವರ್ಷ ಹುಲ್ಲುಗಾವಲು. ಆ ಜಾಗದಲ್ಲಿ ತಗಡು ಮತ್ತು ಭಾಗಗಳ ಮುದ್ರೆಯನ್ನೇ ನಂಬಬೇಕು.

ಕಾಗದ ಎಲ್ಲಿ ಸಿಗುತ್ತದೆ

ಅಮೆರಿಕದ ಪ್ರತಿ ವಿಮಾನಕ್ಕೂ ಒಂದು ದಾಖಲೆ ಚೀಟಿ ಇತ್ತು. ಅಲಬಾಮಾದ ಮ್ಯಾಕ್ಸ್‌ವೆಲ್ ನೆಲೆಯಲ್ಲಿರುವ ವಾಯುಪಡೆಯ ಇತಿಹಾಸ ಸಂಶೋಧನಾ ಸಂಸ್ಥೆಗೆ ಸರಣಿ ಸಂಖ್ಯೆ ಕೊಟ್ಟು ಪ್ರತಿ ಕೇಳಬಹುದು. ಚೀಟಿಯಲ್ಲಿ ವಿಮಾನ ಹೋದ ಜಾಗವನ್ನು ಸಂಕೇತದಲ್ಲಿ ಬರೆಯುತ್ತಿದ್ದರು. ಸಾಕ್ಸೊ ಎಂದರೆ ಇಂಗ್ಲೆಂಡಿನ ಎಂಟನೆಯ ವಾಯುಪಡೆ. “ಬಂಗೇ ಬಕರೂ” ನಿಜವಾಗಿ ಬಂಗೇಗೆ ಹೋಗಿದ್ದರೆ ಅದರ ಚೀಟಿಯಲ್ಲಿ ಆ ಪದ ಇರಬೇಕಿತ್ತು.

ಬ್ರಿಟಿಷರದು ಫಾರಂ 78, ವಿಮಾನದ ಓಡಾಟದ ಚೀಟಿ. ಯಾವ ಘಟಕದಿಂದ ಯಾವ ಘಟಕಕ್ಕೆ, ಯಾವ ದಿನ, ಕೊನೆಗೆ ಲೆಕ್ಕದಿಂದ ತೆಗೆದ ದಿನ. ಬ್ರಿಟನ್ನಿನೊಳಗೆ ಇದ್ದ ವಿಮಾನಗಳಿಗೆ ಇದು ಚೆನ್ನಾಗಿದೆ. ಹಡಗು ಹತ್ತಿ ಏಷ್ಯಾಕ್ಕೆ ಬಂದವುಗಳಿಗೆ ಹಲವು ಸಲ ಎರಡೇ ಸಾಲು. ಆಗ ಬೇರೆ ದಾರಿ ಹಿಡಿಯಬೇಕು: ಸ್ಕ್ವಾಡ್ರನ್ನಿನ ದಿನಚರಿ ಪುಸ್ತಕ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಏರ್ 27 ಎಂಬ ಸರಣಿಯಲ್ಲಿವೆ. ಬರ್ಮಾ ಯುದ್ಧದಲ್ಲಿದ್ದ ಭಾರತೀಯ ಸ್ಕ್ವಾಡ್ರನ್ನುಗಳ ಪುಸ್ತಕಗಳೂ ಅಲ್ಲಿವೆ. ಅದರಲ್ಲಿ ಫಾರಂ 540 ಆ ದಿನದ ಕಥೆ, ಫಾರಂ 541 ಯಾವ ವಿಮಾನದಲ್ಲಿ ಯಾರು ಎಷ್ಟು ಹೊತ್ತಿಗೆ ಹೋಗಿ ಬಂದರು ಎಂಬ ಪಟ್ಟಿ. ನಂಬರು ಸಿಗುವುದು ಎರಡನೆಯದರಲ್ಲಿ. ಮೊದಲನೆಯದನ್ನು ಓದುತ್ತ ಕುಳಿತರೆ ಸಂಜೆಯಾಗುವುದು ಗೊತ್ತಾಗುವುದಿಲ್ಲ, ಅಲ್ಲಿ ಮಳೆ, ಮಲೇರಿಯಾ, ಫುಟ್‌ಬಾಲ್ ಎಲ್ಲ ಇದೆ. ನಾಗರಿಕ ನೋಂದಣಿಗೆ ಹೋಗಿದ್ದ ವಿಮಾನವಾದರೆ ಸುಲಭ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಹಳೆಯ ನೋಂದಣಿ ಪುಟಗಳನ್ನು ಇಂಟರ್ನೆಟ್‌ನಲ್ಲೇ ಇಟ್ಟಿದೆ.

ಭಾರತದ ಕಾಗದಕ್ಕೆ ತಾಳ್ಮೆ ಬೇಕು. ದೆಹಲಿಯ ಜನಪಥದ ರಾಷ್ಟ್ರೀಯ ಪತ್ರಾಗಾರ, ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗ, ಪಾಲಂನ ವಾಯುಪಡೆ ಸಂಗ್ರಹಾಲಯ ಇವು ಮೂರು ಬಾಗಿಲುಗಳು. ಇಪ್ಪತ್ತೈದು ವರ್ಷ ಮೀರಿದ ದಾಖಲೆಗಳನ್ನು ಪರಿಶೀಲಿಸಿ ಪತ್ರಾಗಾರಕ್ಕೆ ಕಳಿಸಬೇಕೆಂದು 2021ರ ನೀತಿ ಹೇಳುತ್ತದೆ. ನಾಲ್ಕನೆಯ ಬಾಗಿಲು ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಭದ್ರತೆಯ ಕಾರಣ ಕೊಟ್ಟು ನಿರಾಕರಿಸುವ ಅವಕಾಶ ಅವರಿಗಿದೆ, ಅದು ಹಳೆಯ ಕಾಗದಕ್ಕೂ ಉಳಿಯುತ್ತದೆ; ಆದರೆ ಇಪ್ಪತ್ತು ವರ್ಷ ಹಳೆಯ ಸಂಗತಿಗಳಿಗೆ ಕಾಯಿದೆಯ 8(3)ನೇ ಕಲಮು ಬೇರೆ ಹಲವು ವಿನಾಯಿತಿಗಳನ್ನು ತೆಗೆದುಹಾಕುತ್ತದೆ; ಅರ್ಜಿಯಲ್ಲೇ ಅದನ್ನು ಉಲ್ಲೇಖಿಸಿ. ಪ್ರಶ್ನೆ ಕಿರಿದಾಗಿರಲಿ. “ಈ ವಿಮಾನದ ಸಂಪೂರ್ಣ ಇತಿಹಾಸ ನೀಡಿ” ಎಂದು ಬರೆದವರಿಗೆ “ಮಾಹಿತಿ ಲಭ್ಯವಿಲ್ಲ” ಎಂಬ ಒಂದು ಸಾಲು ಬರುತ್ತದೆ. “ಇಂಥ ಸಂಖ್ಯೆಯ ವಿಮಾನವನ್ನು ಈ ಉದ್ಯಾನಕ್ಕೆ ಹಸ್ತಾಂತರಿಸಿದ ಆದೇಶದ ಪ್ರತಿ ನೀಡಿ” ಎಂದು ಕೇಳಿದರೆ ಎಲ್ಲೋ ಒಬ್ಬ ಗುಮಾಸ್ತ ಕಪಾಟು ತೆರೆಯುತ್ತಾನೆ. ಆ ಆದೇಶದಲ್ಲಿ ಹಾರಾಟದ ಗಂಟೆ, ಕೊನೆಯ ಘಟಕ ಎರಡೂ ಇರುವ ಸಾಧ್ಯತೆ ಹೆಚ್ಚು.

ನೆನಪು ಕೇಳುವ ರೀತಿ

ಬೆಂಗಳೂರಿನಲ್ಲಿ ಇರುವವರಿಗೆ ಒಂದು ಭಾಗ್ಯವಿದೆ. ವಿಮಾನಪುರ, ಮುರುಗೇಶಪಾಳ್ಯದ ಕಡೆ ಬೆಳಗಿನ ವಾಕಿಂಗ್‌ಗೆ ಬರುವ ಹಿರಿಯರಲ್ಲಿ ಎಚ್‌ಎಎಲ್‌ನಿಂದ ನಿವೃತ್ತರಾದವರು ಸಿಗುತ್ತಾರೆ. ಕೊಡಗಿನಲ್ಲಿ ಸೇನೆಗೆ ಹೋದವರ ಮನೆಗಳಲ್ಲಿ ಹಾರಾಟದ ಲಾಗ್‌ಬುಕ್ ಟ್ರಂಕಿನ ಅಡಿಯಲ್ಲಿ ಇದ್ದರೂ ಇರಬಹುದು. ಲಾಗ್‌ಬುಕ್ ಸಿಕ್ಕಿದರೆ ಪುಟಕ್ಕೆ ಕೈಮುಗಿಯಿರಿ. ದಿನಾಂಕ, ವಿಮಾನದ ನಂಬರು, ಹಾರಿದ ಹೊತ್ತು ಎಲ್ಲ ಅಂದಂದೇ ಬರೆದದ್ದು.

ಬಾಯಿಮಾತಿನಲ್ಲಿ ಮಾತ್ರ ನಂಬರು ಕೇಳಬೇಡಿ. ನಾನು ಒಬ್ಬ ಹಿರಿಯ ಫಿಟರ್ ಅವರನ್ನು ಕೇಳಿದ್ದೆ.

“ನಂಬರು ಯಾರಿಗೆ ನೆನಪಿರುತ್ತದಪ್ಪಾ? ನಮ್ಮ ಶಾಪಿಗೆ ವರ್ಷಕ್ಕೆ ಎಷ್ಟೋ ಬರುತ್ತಿದ್ದವು.”

“ಹೋಗಲಿ ಬಿಡಿ ಸರ್, ಯಾವುದಾದರೂ ಕೆಟ್ಟ ರಿಪೇರಿ ನೆನಪಿದೆಯೇ?”

ಅವರು ಕನ್ನಡಕ ತೆಗೆದರು. ಒಂದು ವಿಮಾನದ ಬಲಗಡೆ, ಬಾಗಿಲಿನ ಹಿಂದೆ, ಹಕ್ಕಿ ಬಡಿದು ಸೀಳಿತ್ತಂತೆ. ಸರಿಯಾದ ತಗಡು ಸಿಗದೆ ಎರಡು ತುಂಡು ಸೇರಿಸಿ ತೇಪೆ ಹಾಕಿದ್ದರು. ಮೇಲ್ವಿಚಾರಕರು ಬೈದರು, ಆದರೂ ತಪಾಸಣೆಯಲ್ಲಿ ಪಾಸಾಯಿತು. ಇಂಥ ತೇಪೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಕಾಲದಲ್ಲಿ ಬರೆಯುತ್ತಿದ್ದ ಗುರುತಿನ ಮಚ್ಚೆ ಇದ್ದ ಹಾಗೆ. ಹಳೆಯ ಫೋಟೊದಲ್ಲಿ ಅದು ಕಂಡು, ಅದೇ ಫೋಟೊದಲ್ಲಿ ನಂಬರೂ ಕಂಡರೆ, ಇಂದು ಕಟ್ಟೆಯ ಮೇಲಿರುವ ವಿಮಾನದಲ್ಲೂ ಆ ಎರಡು ತುಂಡಿನ ತೇಪೆ ಇದ್ದರೆ, ಬೇರೆ ಕಾಗದವಿಲ್ಲದಿದ್ದರೂ ನಾನು ಒಪ್ಪುತ್ತೇನೆ. ಆದ್ದರಿಂದ ಕೇಳಬೇಕಾದದ್ದು ಕೆಲಸವನ್ನು: ಏನು ಮುರಿದಿತ್ತು, ಯಾವ ಪಾಳಿ, ಜೊತೆಯಲ್ಲಿ ಯಾರಿದ್ದರು, ಆ ವರ್ಷ ಮನೆಯಲ್ಲಿ ಯಾರ ಮದುವೆಯಾಯಿತು. ಇಸವಿ ಮದುವೆಯಿಂದಲೇ ಸಿಗುತ್ತದೆ.

ಎರಡು ವಿಮಾನ ಸೇರಿ ಒಂದಾದರೆ

ಲಿಬರೇಟರುಗಳ ಕಥೆಯಲ್ಲಿ ಕಂಡ ಹಾಗೆ ಹಳೆಯ ವಿಮಾನ ಎಂದರೆ ಹಲವು ವಿಮಾನಗಳ ಕೂಡುಕುಟುಂಬ. ಹಾಗಾದರೆ ಯಾವುದರ ಹೆಸರು ಹೇಳಬೇಕು? ತೇರಿನ ಗಾಲಿ ಬದಲಾಗುತ್ತದೆ, ಅಚ್ಚು ಬದಲಾಗುತ್ತದೆ, ಕಂಬಗಳು ಪ್ರತಿವರ್ಷ ಹೊಸವು. ಆದರೂ ಊರಿಗೆ ಅದು ಅದೇ ತೇರು. ವಿಮಾನದಲ್ಲಿ ಹೆಚ್ಚಿನವರು ನಡುದೇಹವನ್ನು, ಅಂದರೆ ಪೈಲಟ್ ಕೂರುವ ಭಾಗವನ್ನು, ಆಳು ಎಂದು ಹಿಡಿಯುತ್ತಾರೆ. ರೆಕ್ಕೆ, ಬಾಲ, ಎಂಜಿನ್ ಎಲ್ಲ ಉಡುಪು. ಹೊರದೇಶಗಳಲ್ಲಿ ಒಂದು ತಗಡು, ನಾಲ್ಕು ತುಕ್ಕು ಹಿಡಿದ ತುಂಡು ಇಟ್ಟುಕೊಂಡು ಸುತ್ತಲೂ ಹೊಸ ವಿಮಾನ ಕಟ್ಟಿ ಹಳೆಯ ಹೆಸರಿಡುವ ವ್ಯಾಪಾರವೂ ಇದೆ. ಹಾರುವುದನ್ನು ನೋಡಲು ಚೆಂದ, ಬೇಡವೆನ್ನುವುದಿಲ್ಲ. ಆದರೆ ಬರೆಯುವಾಗ ನಡುದೇಹ ಯಾವುದು, ರೆಕ್ಕೆ ಯಾವುದು, ಹೊಸತೆಷ್ಟು ಎಂದು ಬಿಡಿಸಿ ಬರೆಯಿರಿ.

ಬರೆಯಲು ನಾನು ಬಳಸುವುದು ಉದ್ದ ಲೆಕ್ಕದ ಪುಸ್ತಕ. ಪ್ರತಿ ಸಂಗತಿಯ ಮುಂದೆ ಮೂರರಲ್ಲಿ ಒಂದು ಗುರುತು: ಕಂಡದ್ದು, ಓದಿದ್ದು, ಕೇಳಿದ್ದು. ಕೇಳಿದ್ದು ಎಷ್ಟೇ ಸೊಗಸಾಗಿದ್ದರೂ ಕಂಡದ್ದರ ಕಾಲಂಗೆ ಹಾರಬಾರದು. ಎರಡು ಸಾಕ್ಷಿ ಜಗಳವಾಡಿದರೆ ಎರಡನ್ನೂ ಬರೆದು ಬಿಡಿ.

2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತವಾಯಿತು. ಇನ್ನು ಕೆಲವು ವರ್ಷ ಊರೂರಿನ ವೃತ್ತಗಳಲ್ಲಿ ಅವು ಕಟ್ಟೆ ಏರುತ್ತವೆ. ನಿಮ್ಮ ಊರಿಗೆ ಬಂದರೆ ಲಾರಿಯಿಂದ ಇಳಿಸುವ ದಿನವೇ ಹೋಗಿ ಫೋಟೊ ತೆಗೆದಿಡಿ. ಎರಡೂ ಬದಿ, ಬಾಲ, ಚಕ್ರದ ಗೂಡು, ತೇಪೆಗಳು. ಉದ್ಘಾಟನೆಗೆ ಮಂತ್ರಿಗಳು ಬರುವ ಮುಂಚೆ ಬಣ್ಣದವರು ಬರುತ್ತಾರೆ.

ಆ ಕಿರಣ್ ವಿಷಯ ಹೇಳುವುದನ್ನು ಮರೆತೆ. ಟಾರ್ಚಿನ ಬೆಳಕಿನ ಫೋಟೊ, ಹಸ್ತಾಂತರ ಆದೇಶದ ಪ್ರತಿ ಎರಡನ್ನೂ ಲಗತ್ತಿಸಿ ಉದ್ಯಾನ ನೋಡಿಕೊಳ್ಳುವವರಿಗೆ ಪತ್ರ ಬರೆದೆ. ನಾಲ್ಕು ತಿಂಗಳ ನಂತರ ಉತ್ತರ ಬಂತು. ನಂಬರು ತಿದ್ದಿದ್ದಾರೆ. ಈಗ 3ರ ಜಾಗದಲ್ಲಿ 8 ಇದೆ. ಗ್ರಾನೈಟ್ ಫಲಕಕ್ಕೆ ಅನುದಾನವಿಲ್ಲವಂತೆ. ಅದರ ಪ್ರಕಾರ ಕಿರಣ್ ಇವತ್ತಿಗೂ 1965ರ ಯುದ್ಧದಲ್ಲಿ ಹೋರಾಡುತ್ತಿದೆ.